ಐದು ಹೊಲಿಗೆಯ ಜಾಡು

ಮಳೆ ನಡಿಗೆಗೆ ಒಬ್ಬರಿಗೆ ಇಷ್ಟು ಬೇಕು: ಇಪ್ಪತ್ತು ಕಟಕ ರೊಟ್ಟಿ, ಎರಡು ಮುಷ್ಟಿ ಶೇಂಗಾ ಚಟ್ನಿಪುಡಿ, ನಾಲ್ಕು ಉಳ್ಳಾಗಡ್ಡಿ, ಎದೆಮಟ್ಟದ ಒಂದು ಬಡಿಗೆ, ಎರಡು ಜೊತೆ ಚಪ್ಪಲಿ. ಒಂದು ಜೊತೆಯನ್ನು ಎರೆಮಣ್ಣು ಎಳೆದುಕೊಳ್ಳುತ್ತದೆ, ಇನ್ನೊಂದನ್ನು ಜಾಲಿಮುಳ್ಳು ತಿನ್ನುತ್ತದೆ. ನೀರು ಹೊರುವುದು ಬೇಡ. ಆ ಎರಡು ಮೂರು ದಿನ ಎಲ್ಲ ತಗ್ಗಿನಲ್ಲೂ ನೀರಿರುತ್ತದೆ. ಅಷ್ಟು ದಿನದ ದುಡಿಮೆ ಹೋಗುತ್ತದೆ. ಒಂದೋ ಎರಡೋ ಕಾಲುಗುರು ಹೋಗುತ್ತವೆ. ನನ್ನ ವಯಸ್ಸಿನವರಾದರೆ ಮೊಣಕಾಲು ಮುಂದಿನ ಯುಗಾದಿಯವರೆಗೂ ನೆನಪು ಮಾಡಿಕೊಡುತ್ತದೆ. ಇದೆಲ್ಲ ಸಣ್ಣ ಖರ್ಚು. ದೊಡ್ಡದು ಬೇರೆ ಇದೆ. ಒಂದು ಮನೆ ಒಂದು ಮಳೆಗೆ ಒಂದೇ ಜಾಡು ಹಿಡಿಯಬಹುದು. ಇಬ್ಬರನ್ನು ಕಳೆದುಕೊಂಡ ಮನೆಯವರು ಹೊಸ್ತಿಲಲ್ಲೇ ಒಬ್ಬರನ್ನು ಬಿಟ್ಟು ಹೊರಡಬೇಕು.

ನಮ್ಮೂರಿಗೆ ಅಂಥ ಮಳೆ ಎಂಟೊಂಬತ್ತು ವರ್ಷಕ್ಕೊಮ್ಮೆ ಬರುತ್ತದೆ. ನಡುವೆ ಬರುವುದು ಧೂಳು ಅಡಗಿಸುವಷ್ಟು. ಕುರಿಯ ಗೊರಸೂ ಒದ್ದೆಯಾಗುವುದಿಲ್ಲ. ಅದರಿಂದ ಏನೂ ಏಳುವುದಿಲ್ಲ. ಒಂದು ಹಗಲು ಒಂದು ರಾತ್ರಿ ಬಿಡದೆ ಹೊಯ್ದರೆ ಮಾತ್ರ ಮರುದಿನ ಬೆಳಗ್ಗೆ ಊರ ಹೊರಗಿನ ಬಯಲಲ್ಲಿ ಹೆಜ್ಜೆಗಳು ಏಳುತ್ತವೆ. ಹಿಂದಿನ ದೊಡ್ಡ ಮಳೆಯಾದ ಮೇಲೆ ಆ ನೆಲದ ಮೇಲೆ ಯಾರು ಯಾರು ನಡೆದಿದ್ದಾರೋ ಅವರೆಲ್ಲರ ಹೆಜ್ಜೆ, ಹೆಂಚಿನ ಮೇಲೆ ರೊಟ್ಟಿ ಉಬ್ಬಿದ ಹಾಗೆ, ಬೆರಳೆತ್ತರ ಉಬ್ಬಿ ನಿಲ್ಲುತ್ತದೆ. ಹೊಸ ಹೆಜ್ಜೆ ತಗ್ಗು, ಹಳೆಯ ಹೆಜ್ಜೆ ಉಬ್ಬು. ಹೀಗಾಗಿ ಒಂದಕ್ಕೊಂದು ಬೆರೆಯುವುದಿಲ್ಲ. ತುಳಿದರೆ ಕುಸಿಯುತ್ತದೆ. ಬಿಸಿಲು ಬಿದ್ದು ನೆಲ ಬಿರಿಯತೊಡಗಿದರೆ ಪುಡಿಯಾಗಿ ಉದುರುತ್ತದೆ. ಮೋಡವಿದ್ದರೆ ಮೂರು ದಿನ, ಬಿಸಿಲಾದರೆ ಎರಡು. ಒಮ್ಮೆ ಎದ್ದು ಉದುರಿದ ಹೆಜ್ಜೆ ಮತ್ತೆ ಯಾವ ಮಳೆಗೂ ಏಳುವುದಿಲ್ಲ.

ಇದರ ಜೊತೆಗೆ ಬಾಳುವುದನ್ನು ಊರು ಕಲಿತಿದೆ. ಕುರಿ ಕದಿಯುವವರು ಬಂಡೆಯಿಂದ ಬಂಡೆಗೆ ಜಿಗಿಯುವುದನ್ನು ಚಿಕ್ಕಂದಿನಲ್ಲೇ ಅಭ್ಯಾಸ ಮಾಡುತ್ತಾರೆ. ಗಂಡಹೆಂಡಿರ ಮಾತು ಜೋರಾದಾಗ ‘ಮಳಿ ಬರಲಿ ತಡಿ’ ಎಂದರೆ ಸಾಕು, ಇಬ್ಬರಲ್ಲಿ ಒಬ್ಬರು ಸುಮ್ಮನಾಗುತ್ತಾರೆ. ಹಿಂದಿನ ಮಳೆಗೆ, ಹನ್ನೆರಡು ದಿನ ಕಾಲ್ನಡಿಗೆಯ ಯಾತ್ರೆ ಮಾಡಿಬಂದೆನೆಂದು ಓಣಿಗೆಲ್ಲ ಪ್ರಸಾದ ಹಂಚಿದ್ದ ಎಣ್ಣೆ ವ್ಯಾಪಾರಿಯ ಹೆಜ್ಜೆ ಊರಿಂದ ಒಂದು ಹರದಾರಿಯ ಹುಣಸೆಮರದ ತನಕ ಹೋಗಿ, ಮರವನ್ನು ಸುತ್ತಿ, ಅಲ್ಲಿಂದಲೇ ತಿರುಗಿ ಬಂದಿತ್ತು. ಯಾರೂ ಅವನಿಗೆ ಏನೂ ಅನ್ನಲಿಲ್ಲ. ಬೇರೆ ಮನೆಯ ಹೆಜ್ಜೆ ಕಣ್ಣಿಗೆ ಬಿದ್ದರೂ ಬಾಯಿಗೆ ತರಬಾರದೆಂದು ಹಿರಿಯರು ಕಟ್ಟು ಹಾಕಿದ್ದಾರೆ. ಅವನ ಅಂಗಡಿ ಮುಂದೆ ಹಾಯುವಾಗ ಜನ ಮೊದಲಿಗಿಂತ ಹೆಚ್ಚು ಭಕ್ತಿಯಿಂದ ಕೈ ಮುಗಿಯತೊಡಗಿದರು, ಅಷ್ಟೆ.

ಮನೆಗೊಂದೇ ಜಾಡು ಎಂಬುದೂ ಹಿರಿಯರ ಕಟ್ಟೇ. ಎಲ್ಲರೂ ಎಲ್ಲ ಕಡೆ ಓಡಾಡಿದರೆ ಯಾರ ಹೆಜ್ಜೆಯೂ ಉಳಿಯುವುದಿಲ್ಲ. ಕಳೆದುಹೋದವರ ಮನೆಯವರು ಒಬ್ಬರು, ಅವರ ಜೊತೆಗೆ ಆಸರೆಗೆ ಇನ್ನೊಬ್ಬರು, ಹೀಗೆ ಇಬ್ಬರೇ ಹೋಗಬೇಕು. ಜಾಡು ಮನೆಯವರದು. ಎಲ್ಲಿ ತಿರುಗಬೇಕು, ಎಲ್ಲಿ ಬಿಡಬೇಕು ಎನ್ನುವುದು ಮನೆಯವರ ಮಾತು. ಆಸರೆಗೆ ಬಂದವನು ಬೆನ್ನಿಗೆ ಬರಬೇಕು.

ನನ್ನ ಹೆಸರು ಫಕೀರವ್ವ. ಚಪ್ಪಲಿ ಹೊಲಿಯುವುದು ನನ್ನ ಕೆಲಸ, ನಮ್ಮಪ್ಪನಿಂದ ಬಂದದ್ದು. ಅವ್ವ ತೀರಿಕೊಂಡಾಗ ನನಗೆ ಇಪ್ಪತ್ತಾರು, ತಂಗಿ ಸಾಂವಕ್ಕನಿಗೆ ನಾಲ್ಕು. ಅಪ್ಪ ಅದಕ್ಕೂ ಮೊದಲೇ ಹೋಗಿದ್ದ. ನನ್ನನ್ನು ನೋಡಲು ಬಂದ ಗಂಡುಗಳು ಕೂಸನ್ನು ಎಲ್ಲಿ ಬಿಡುತ್ತೀ ಎಂದು ಕೇಳಿದರು. ಎಲ್ಲಿಯೂ ಬಿಡುವುದಿಲ್ಲ ಎಂದೆ. ಮೂರನೆಯವನ ನಂತರ ಯಾರೂ ಬರಲಿಲ್ಲ. ಅದರ ಬಗ್ಗೆ ನನಗೆ ಕೊರಗಿಲ್ಲ. ಸಾಂವಕ್ಕ ಬೆಳೆದಳು. ಕಾಲು ಬೆಳೆದ ಹಾಗೆಲ್ಲ ಹೊಸ ಚಪ್ಪಲಿ ಹೊಲಿದೆ. ಗಿರಾಕಿ ಹೆಚ್ಚಿದ್ದ ವರ್ಷಗಳಲ್ಲಿ ಸ್ವಲ್ಪ ತಡವಾಗುತ್ತಿತ್ತು.

ಅವಳಿಗೆ ಹತ್ತೊಂಬತ್ತಾದಾಗ ಒಂದು ಸಂಬಂಧ ನೋಡಿದೆ. ಚರ್ಮ ಹದ ಮಾಡುವ ತೊಟ್ಟಿಗಳಿದ್ದ ಮನುಷ್ಯ, ಹೆಂಡತಿ ಸತ್ತವನು, ನಲವತ್ತರ ಹತ್ತಿರ. ಕುಡಿಯುವವನಲ್ಲ, ಕೈ ಎತ್ತುವವನಲ್ಲ, ಸೋರದ ಮನೆ. ಸಾಂವಕ್ಕನ ಮನಸ್ಸು ಗುರಪಾದನ ಮೇಲಿತ್ತು. ಬೀಸುವ ಕಲ್ಲು ಸವೆದು ನಯವಾದರೆ ಉಳಿಯಿಂದ ಹೊಡೆದು ಮತ್ತೆ ತರಿ ಮಾಡಿಕೊಡುವವನು ಅವನು. ಗಿರಣಿ ಬಂದ ಮೇಲೆ ಆ ಕೆಲಸಕ್ಕೆ ಕರೆಯುವವರು ಎಷ್ಟು ಮನೆ? ಕಲ್ಲು ಕುಟ್ಟುವವನ ಮನೆಯಲ್ಲಿ ಕಲ್ಲೇ ತಿನ್ನಬೇಕಾಗುತ್ತದೆ ಎಂದು ಅವಳಿಗೆ ಹೇಳಿದೆ. ಅವಳು ವಾದ ಮಾಡಲಿಲ್ಲ. ಒಪ್ಪಿದಳೆಂದು ನಾನು ತಿಳಿದೆ.

ಮದುವೆಗೆಂದು ಅವಳಿಗೊಂದು ಜೊತೆ ಹೊಲಿದೆ. ತಂಗಡಿ ತೊಗಟೆಯಲ್ಲಿ ನಲವತ್ತು ದಿನ ನೆನೆಸಿದ ಚರ್ಮ, ಅಡಿಗೆ ಮೂರು ಪದರ, ಮೇಣ ತಿಕ್ಕಿದ ದಾರ. ಹಿಮ್ಮಡಿಯ ಕೆಳಗೆ, ನೆಲದ ಹೊರತು ಯಾರಿಗೂ ಕಾಣದ ಜಾಗದಲ್ಲಿ, ಹೂವಿನ ಹಾಗೆ ಐದು ಹೊಲಿಗೆ ಹಾಕಿದೆ. ಅಂಥದ್ದನ್ನು ಅದಕ್ಕೆ ಮೊದಲು ಯಾರಿಗೂ ಹಾಕಿರಲಿಲ್ಲ, ಆಮೇಲೂ ಹಾಕಿಲ್ಲ. ಅವಳು ಮೆಟ್ಟಿಕೊಂಡು ಅಂಗಳದಲ್ಲಿ ಎರಡು ಸುತ್ತು ಬಂದು, ಬಹಳ ಗಟ್ಟಿಯಾಗಿವೆ ಎಂದಳು. ಮದುವೆಗೆ ಎರಡು ದಿನ ಇರುವಾಗ, ನಾನು ಚರ್ಮ ತೊಳೆಯಲು ಕೆರೆಗೆ ಹೋಗಿದ್ದ ಮಧ್ಯಾಹ್ನ, ಮನೆ ಬಿಟ್ಟು ಹೋದಳು. ಹಿಂದಿನ ದೊಡ್ಡ ಮಳೆಯಾಗಿ ಆಗ ನಾಲ್ಕು ತಿಂಗಳಾಗಿತ್ತು. ಒಣನೆಲದ ಮೇಲೆ ಗುರುತೆಲ್ಲಿಯದು? ಗುರಪಾದ ಊರಲ್ಲೇ ಇದ್ದ. ನಾಲ್ಕೂ ದಿಕ್ಕಿಗೆ ಜನ ಕಳಿಸಿ ಕೇಳಿಸಿದೆ. ಯಾರೂ ಕಂಡಿರಲಿಲ್ಲ.

ಸೀರೆ, ಬಳೆ, ಬೆಳ್ಳಿಯ ಕಾಲ್ಗೆಜ್ಜೆ ಎಲ್ಲ ಬಿಟ್ಟಿದ್ದಳು. ಚಪ್ಪಲಿ ಮಾತ್ರ ಒಯ್ದಿದ್ದಳು. ಒಂಬತ್ತು ವರ್ಷ ಅದೊಂದನ್ನು ಹಿಡಿದುಕೊಂಡು ಬದುಕಿದೆ. ಸಿಟ್ಟಿದ್ದರೆ ಅದನ್ನೂ ಬಿಸಾಕಿ ಹೋಗುತ್ತಿದ್ದಳಲ್ಲ. ನನ್ನ ಕೈಯ ಕೆಲಸ ಅವಳ ಕಾಲಲ್ಲಿರುವ ತನಕ ಅವಳು ನನ್ನನ್ನು ಪೂರ್ತಿ ಬಿಟ್ಟಿಲ್ಲ ಎಂದು ಲೆಕ್ಕ ಹಾಕಿಕೊಂಡಿದ್ದೆ. ಮಳೆ ಬಂದರೆ ಜಾಡು ಹಿಡಿದು ಹೋಗಬೇಕು, ಅವಳಿದ್ದಲ್ಲಿಗೆ ಮುಟ್ಟಬೇಕು, ನಾನು ಮಾಡಿದ್ದು ತಪ್ಪು ಅನ್ನಬೇಕು. ಬಾ ಎಂದು ಕರೆಯುವ ಯೋಚನೆಯನ್ನೂ ಬಿಟ್ಟಿದ್ದೆ. ತಪ್ಪು ಅನ್ನುವುದಷ್ಟೇ ಉಳಿದಿತ್ತು.

ಈ ವರ್ಷ ಮಳೆ ಬಂತು. ಬುಧವಾರ ಬೆಳಗ್ಗೆ ಶುರುವಾದದ್ದು ಗುರುವಾರ ಮಧ್ಯಾಹ್ನ ನಿಂತಿತು. ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ನಾನು ಬುತ್ತಿ ಕಟ್ಟುತ್ತಿದ್ದೆ. ಆಸರೆಗೆ ಯಾರನ್ನು ಕರೆಯಲಿ ಎಂದು ನಿಂತಿರುವಾಗ ಗುರಪಾದನ ಹೆಂಡತಿ ಬಸಲಿಂಗವ್ವ ಬಂದಳು. ಕೈಯಲ್ಲಿ ರೊಟ್ಟಿಯ ಗಂಟು. ಅವಳ ಹಿಂದೆ ಗಂಡ, ಬಡಿಗೆ ಹಿಡಿದು ನೆಲ ನೋಡುತ್ತ. ಸಾಂವಕ್ಕ ಹೋದ ಎರಡನೆಯ ವರ್ಷಕ್ಕೆ ಅವರ ಮದುವೆಯಾಗಿತ್ತು.

“ಇವರನ್ನ ಕರ್ಕೊಂಡು ಹೋಗ್ರಿ ಅಕ್ಕಾರ,” ಎಂದಳು ಬಸಲಿಂಗವ್ವ. “ಏಳು ವರ್ಷ ಆತು, ನಮ್ಮ ಮನ್ಯಾಗ ಮೂರು ಮಂದಿ ಇದ್ದೀವಿ. ಆ ಮೂರನೇ ಆಕಿ ಎಲ್ಲಿ ಅದಾಳ ಅಂತ ಒಮ್ಮೆ ನೋಡಿ ಬರಲಿ. ಸತ್ತಿದ್ರ ಅಳಲಿ, ಬದುಕಿದ್ರ ಮಾತಾಡಲಿ. ಆಮ್ಯಾಲೆ ಮನೀಗೆ ಪೂರಾ ಬರಲಿ.”

ಅಷ್ಟು ಹೇಳಿ ಗಂಟನ್ನು ಅವನ ಹೆಗಲಿಗೆ ಹಾಕಿ, ಹಿಂದೆ ನೋಡದೆ ಹೋದಳು. ನನಗೆ ಅವನು ಬೇಕಿರಲಿಲ್ಲ. ಆದರೆ ಗಂಡಾಳಿನ ಆಸರೆ ಬೇಕಿತ್ತು, ಹೊತ್ತು ಏರುತ್ತಿತ್ತು.

ಊರಬಾಗಿಲ ಅಗಸಿಯಲ್ಲಿ ಕುಳಿತ ಹಿರಿಯರು ಕೇಳಿದರು, ಯಾವ ಮನೆ, ಯಾರ ಜಾಡು ಎಂದು. ಹೇಳಿದೆವು. ಗುರಪಾದನನ್ನು ನೋಡಿ ಒಬ್ಬರು ಹುಬ್ಬು ಏರಿಸಿದರು. ಆಸರೆಗೆ ಯಾರನ್ನಾದರೂ ಕರೆದೊಯ್ಯಬಹುದು, ತಕರಾರಿಲ್ಲ. ಬಯಲಿಗಿಳಿದೆವು.

ಊರ ಹತ್ತಿರ ನೆಲ ಸಂತೆಯ ಹಾಗಿತ್ತು. ಒಂಬತ್ತು ವರ್ಷದ ಹೆಜ್ಜೆಗಳು ಒಂದರ ಮೇಲೊಂದು ಎದ್ದು ಕುಳಿತಿದ್ದವು. ಅಲ್ಲಿ ಹುಡುಕುವುದು ದಡ್ಡತನ. ಹರದಾರಿ ದಾಟಿದ ಮೇಲೆ ಅವು ತೆಳುವಾದವು. ಬಯಲು ಬಯಲಿನ ಹಾಗಿರಲಿಲ್ಲ. ಕಳ್ಳಿಯ ಮೇಲೆ ಧೂಳು ತೊಳೆದು ಹಸಿರು ಕಾಣಿಸಿತ್ತು, ತಂಗಡಿ ಗಿಡ ಅರಿಶಿನ ಚೆಲ್ಲಿದ ಹಾಗೆ ಹೂ ಬಿಟ್ಟಿತ್ತು, ನೆಲದೊಳಗೆ ಎಲ್ಲಿದ್ದವೋ ಕಪ್ಪೆಗಳು, ಎಲ್ಲ ತಗ್ಗಿನಲ್ಲೂ ಕುಳಿತು ಕೂಗುತ್ತಿದ್ದವು. ಕುಂಕುಮದ ಬಣ್ಣದ ಮಳೆಹುಳುಗಳು ಹೆಜ್ಜೆಯಿಂದ ಹೆಜ್ಜೆಗೆ ಹರಿದಾಡುತ್ತಿದ್ದವು. ಎರೆಮಣ್ಣು ಚಪ್ಪಲಿಗೆ ಅಂಟಿ ಒಂದೊಂದು ಕಾಲೂ ಎರಡು ಸೇರು ಭಾರವಾಗುತ್ತಿತ್ತು. ಹತ್ತು ಮಾರಿಗೊಮ್ಮೆ ನಿಂತು ಬಡಿಗೆಯಿಂದ ಕೆರೆದುಕೊಳ್ಳಬೇಕು. ನಾನು ಕೆರೆಯುವಾಗಲೆಲ್ಲ ಗುರಪಾದ ಕಾಯುತ್ತ ನಿಲ್ಲುತ್ತಿದ್ದ. ಒಮ್ಮೆ, ಊರಿಗೆಲ್ಲ ಚಪ್ಪಲಿ ಹೊಲಿಯುವವಳ ಚಪ್ಪಲಿಯೇ ಇಷ್ಟು ಮಣ್ಣು ಹೊರುತ್ತದಲ್ಲ ಎಂದು ಚೇಷ್ಟೆ ಮಾಡಿದ. ನಿನ್ನ ಕಲ್ಲುಗಳನ್ನು ಹೊರುವುದಕ್ಕಿಂತ ವಾಸಿ ಎಂದೆ. ನಕ್ಕ. ಅವನು ನಗುವುದನ್ನು ನಾನು ನೋಡಿ ಬಹಳ ವರ್ಷವಾಗಿತ್ತು.

ಹೊತ್ತು ನೆತ್ತಿಗೆ ಬರುವ ಮೊದಲು ಐದು ಹೊಲಿಗೆ ಸಿಕ್ಕಿತು. ಕಳ್ಳಿಸಾಲಿನ ಪಕ್ಕ, ಯಾರೂ ತುಳಿಯದ ಮೆತ್ತನೆ ನೆಲದಲ್ಲಿ, ಪೂರ್ವಕ್ಕೆ ಮುಖ ಮಾಡಿದ ಹೆಜ್ಜೆ. ಹಿಮ್ಮಡಿಯಲ್ಲಿ ಐದು ಚುಕ್ಕೆ ಎಣಿಸುವ ಹಾಗೆ ನಿಂತಿದ್ದವು. ನಾನು ಕುಕ್ಕರಗಾಲಲ್ಲಿ ಕುಳಿತುಬಿಟ್ಟೆ. ಒಂಬತ್ತು ವರ್ಷ ಮಣ್ಣಿನ ಕೆಳಗಿದ್ದು ಎದ್ದರೂ ಒಂದು ಹೊಲಿಗೆಯೂ ವಾರೆಯಾಗಿರಲಿಲ್ಲ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ತಂಗಿಯ ನೆನಪಿನ ಜೊತೆಗೆ ನನ್ನ ಕೈಯ ಬಗ್ಗೆ ಹೆಮ್ಮೆಯೂ ಬಂತು. ಯಾವುದು ಮೊದಲು ಬಂತೋ ಹೇಳಲಾರೆ.

ಅಲ್ಲಿಂದ ಜಾಡು ದಾರದ ಹಾಗೆ ಸಾಗಿತು. ನಾವು ಪಕ್ಕದಲ್ಲಿ, ಒಂದು ಮೊಳ ಬಿಟ್ಟು ನಡೆದೆವು. ನಡುವೆ ಹಳ್ಳ ತುಂಬಿ ಹರಿಯುತ್ತಿತ್ತು. ನೀರು ಇಳಿಯಲೆಂದು ದಂಡೆಯಲ್ಲಿ ಕುಳಿತು ರೊಟ್ಟಿ ಬಿಚ್ಚಿದೆವು. ಅಲ್ಲಿ ಗುರಪಾದ ಕೇಳದೆಯೇ ಹೇಳಿದ. ಹೋಗುವ ದಿನ ಬೆಳಗ್ಗೆ ಸಾಂವಕ್ಕ ಅವನಿದ್ದಲ್ಲಿಗೆ ಬಂದಿದ್ದಳಂತೆ, ಅವನು ಯಾರದೋ ಹಿತ್ತಲಲ್ಲಿ ಕಲ್ಲು ಹೊಡೆಯುತ್ತಿದ್ದಾಗ. ಇವತ್ತು ಹೋಗೋಣ ಎಂದಳಂತೆ. ಆ ಕಲ್ಲು ಅರ್ಧವಾಗಿದೆ, ತಾಯಿಗೆ ಒಂದು ಮಾತು ಹೇಳಬೇಕು, ನಾಳೆ ಹೋಗೋಣ ಎಂದನಂತೆ ಇವನು. ಆಯಿತು ಎಂದು ಹೋದವಳು ನಾಳೆಗೆ ಕಾಯಲಿಲ್ಲ.

ಒಂಬತ್ತು ವರ್ಷ ನೀನು ಇದನ್ನು ನನಗೆ ಹೇಳಲಿಲ್ಲ ಎಂದೆ. ನೀನು ಕೇಳಲಿಲ್ಲ ಎಂದ. ನಿಜ. ನಾನು ಅವನ ಮನೆ ಮುಂದೆ ನಿಂತು ಬೈದಿದ್ದೆ, ಕೇಳಿರಲಿಲ್ಲ.

ಹಳ್ಳ ದಾಟಿ, ಇಳಿಹೊತ್ತಿಗೆ ಸಣ್ಣಕಲ್ಲಿನ ಒಂದು ಗರಸು ದಿಬ್ಬಕ್ಕೆ ಬಂದೆವು. ಗರಸಿನ ಮೇಲೆ ಯಾವ ಹೆಜ್ಜೆಯೂ ಏಳುವುದಿಲ್ಲ. ಅಂಥಲ್ಲಿ ಸುತ್ತು ಹಾಕಿ, ಮೆತ್ತನೆ ಮಣ್ಣು ಶುರುವಾಗುವ ಅಂಚಿನಲ್ಲಿ ಜಾಡು ಮತ್ತೆ ಹಿಡಿಯಬೇಕು. ನಾನು ಪೂರ್ವದ ಅಂಚಿಗೆ ಹೋದೆ, ಅವನು ದಕ್ಷಿಣದ ಅಂಚಿಗೆ ಹೋದ. ನನಗೆ ಐದು ಹೊಲಿಗೆ ತಕ್ಷಣ ಸಿಕ್ಕಿತು. ತಗ್ಗಿನ ಕಡೆಗೆ, ಪೂರ್ವಕ್ಕೆ. ಕೂಗಿ ಕರೆದೆ. ಅವನು ಬರಲಿಲ್ಲ. ನಾನೇ ಹೋದೆ. ಒಂದು ದೊಡ್ಡ ಬಂಡೆಯ ಪಕ್ಕ ಮಂಡಿಯೂರಿ ಕುಳಿತಿದ್ದ. ಅವನ ಮುಂದೆ ಬರಿಗಾಲಿನ ಹೆಜ್ಜೆಗಳು, ದಕ್ಷಿಣದ ಗುಡ್ಡಗಳ ಕಡೆಗೆ. ಹಿಮ್ಮಡಿ ಮೂಡಿರಲಿಲ್ಲ, ಬೆರಳು ಮತ್ತು ಮುಂಗಾಲು ಅಷ್ಟೆ. ಒಂದಕ್ಕೂ ಇನ್ನೊಂದಕ್ಕೂ ಬಹಳ ಅಂತರ. ಯಾರೋ ಓಡಿದ್ದರು.

“ಅಕ್ಕ, ಇದು ಸಾಂವಿ,” ಎಂದ.

ಸಾಂವಿಯ ಜಾಡು ಅಲ್ಲಿದೆ, ನನ್ನ ಹೊಲಿಗೆ ನಾನು ನೋಡಿ ಬಂದೆ, ಏಳು ಎಂದೆ. ಅವನು ಏಳಲಿಲ್ಲ. ಎಡಗಾಲಿನ ಹೆಜ್ಜೆಯೊಂದನ್ನು ಮುಟ್ಟದೆ ತೋರಿಸಿದ. ಎರಡನೆಯ ಬೆರಳು ಹೆಬ್ಬೆರಳಿನ ಮೇಲೆ ಏರಿದ ಹಾಗಿತ್ತು. ಓಡುವ ಕಾಲು ಹಾಗೆ ಮೂಡುತ್ತದೆ ಎಂದೆ. ಎಲ್ಲ ಹೆಜ್ಜೆಯಲ್ಲೂ ಹಾಗೇ ಮೂಡುವುದಿಲ್ಲ ಎಂದ. ಅವಳ ಕಾಲು ನನಗೆ ಗೊತ್ತಿಲ್ಲವೇ, ಹದಿನೈದು ವರ್ಷ ಅಳತೆ ತೆಗೆದವಳು ನಾನು ಎಂದೆ. ಆಗ ಅವನು ಅಂದ:

“ನೀ ಚರ್ಮದ ಮ್ಯಾಲೆ ಕಾಲಿಟ್ಟು ಸುತ್ತ ಗೆರಿ ಎಳಿತಿದ್ದಿ ಅಕ್ಕ, ಕಾಲು ನೋಡತಿರಲಿಲ್ಲ. ಸಣ್ಣಾಕಿ ಇದ್ದಾಗ ಚಪ್ಪಲಿ ಬಿಗಿ ಆಗಿ ಆ ಬೆರಳು ಏರಿತಂತ. ಹೊಸಾದು ಕೇಳಿದ್ರ ನೀ ಗಿರಾಕಿ ಮುಗೀಲಿ ಅಂತಿದ್ದಿ ಅಂತ. ನಿನಗ ಬ್ಯಾಸರ ಆಗ್ತದಂತ ಹೇಳಿರಲಿಲ್ಲ. ನನಗ ಹೇಳಿದ್ಲು.”

ಅವಳನ್ನು ಸಾಕಿದವಳು ನಾನು. ಅವಳ ಕಾಲಿನ ಕತೆಯನ್ನು ಇವನ ಬಾಯಿಂದ ಕೇಳಬೇಕೇ. ಆದರೂ ಸಿಟ್ಟನ್ನು ಬದಿಗಿಟ್ಟು ಬುದ್ಧಿಯ ಮಾತೇ ಆಡಿದೆ. ನೋಡು, ಇದು ಮುಳ್ಳಿನ ನೆಲ. ಮೂರು ಪದರದ ಹೊಸ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಓಡುವವರು ಯಾರಿದ್ದಾರೆ? ಬಿಟ್ಟಳೇ ಅಂದುಕೋ, ಚಪ್ಪಲಿ ಅಲ್ಲೇ ಬಿದ್ದಿರಬೇಕಿತ್ತು. ಅದು ಮುಂದೆ ನಡೆದಿದೆ. ಒಳಗೆ ಕಾಲಿಲ್ಲದೆ ನಡೆಯುತ್ತದೆಯೇ?

“ಚಪ್ಪಲಿ ಹೋಗ್ಯಾವ, ಆಕಿ ಹೋಗಿಲ್ಲ,” ಎಂದ. ಆಮೇಲೆ ಮೆಲ್ಲಗೆ ಕೇಳಿದ: “ನೀ ಅದನ್ನ ಹಿಡದು ಹೋಗಕ್ಕ. ನಾ ಒಬ್ಬನೇ ಈ ಕಡೆ ಹೋಗ್ತೀನಿ. ಒಂದು ಮಾತು ಹೂಂ ಅನ್ನು.”

ಹೂಂ ಅನ್ನಲು ಏನು ಹೋಗುತ್ತಿತ್ತು? ಏನೂ ಇಲ್ಲ. ಮನೆಗೊಂದೇ ಜಾಡು ಎಂಬ ಕಟ್ಟು ಅಗಸಿಯ ಹತ್ತಿರ ನಡೆಯುತ್ತದೆ, ಅಲ್ಲಿ ನಮ್ಮನ್ನು ನೋಡುವವರು ಯಾರಿದ್ದರು? ಅವನು ಹೇಳಿದ್ದು ಸುಳ್ಳಾದರೆ ಒಬ್ಬ ದಾರಿ ತಪ್ಪುತ್ತಿದ್ದ, ನಿಜವಾದರೆ ಒಬ್ಬ ಮುಟ್ಟುತ್ತಿದ್ದ. ಚರ್ಮದ ವ್ಯಾಪಾರದಲ್ಲಿ ಅಷ್ಟು ಸುಲಭದ ಲೆಕ್ಕ ತಪ್ಪಿದವಳಲ್ಲ ನಾನು. ಆದರೆ ಅವನು ಮುಟ್ಟಿದರೆ ಅವಳು ಬಾಗಿಲು ತೆರೆಯುವುದು ಅವನಿಗೆ. ಅದು ನನ್ನ ಹೊಟ್ಟೆಯೊಳಗೆ ಇಳಿಯಲಿಲ್ಲ.

“ಬಾ ಅಂದಾಗ ಬರದಾವ, ಈಗ ಬೆನ್ನ ಹತ್ತಿ ಏನು ಮಾಡ್ತಿ?” ಎಂದೆ. “ನೀ ಯಾರು ಆಕಿಗೆ?”

ಅವನು ಎದ್ದು ಮಂಡಿಯ ಮಣ್ಣು ಒರೆಸಿಕೊಂಡು, ಬಡಿಗೆ ತೆಗೆದುಕೊಂಡು ನನ್ನ ಹಿಂದೆ ಬಂದ.

ಆಮೇಲೆ ಐದು ಹೊಲಿಗೆ ಬದಲಾಗತೊಡಗಿತು. ಹೆಜ್ಜೆ ಗಿಡ್ಡವಾಯಿತು. ಬಲಗಾಲು ಸ್ವಲ್ಪ ಎಳೆದ ಹಾಗೆ. ಪಕ್ಕದಲ್ಲಿ ಕೋಲು ಊರಿದ ಗುರುತು, ಕಡಲೆಕಾಳಿನಷ್ಟು ಉಬ್ಬಿ. ದಣಿದಿದ್ದಾಳೆ ಎಂದೆ. ಮುಳ್ಳು ಚುಚ್ಚಿರಬೇಕು, ಅದಕ್ಕೇ ಕೋಲು ಹಿಡಿದಿದ್ದಾಳೆ ಎಂದೆ. ಕೆಲಸ ಬಲ್ಲವರಿಗೆ ತಪ್ಪಿಗೆ ಉತ್ತರ ಹುಡುಕುವುದೂ ಸಲೀಸು. ಗುರಪಾದ ಎಲ್ಲದಕ್ಕೂ ಹೂಂ ಎನ್ನುತ್ತಿದ್ದ. ಕತ್ತಲಾದ ಮೇಲೆ ಒಂದು ಬಂಡೆಯ ಆಸರೆಯಲ್ಲಿ ಮಲಗಿದೆವು. ನಾನು ದಣಿದಿದ್ದೆ, ನಿದ್ದೆ ಬಂತು.

ಬೆಳಗ್ಗೆ ಕಣ್ಣು ಬಿಟ್ಟಾಗ ಮೋಡ ಒಡೆದಿತ್ತು. ಬಿಸಿಲು. ಬೇಗ ನಡೆದೆವು. ನಮ್ಮ ಹಿಂದೆ ಹೆಜ್ಜೆಗಳ ಅಂಚು ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಹೊತ್ತು ಏರುವ ಮೊದಲೇ ಜಾಡು ಒಂದು ಹಟ್ಟಿಗೆ ಮುಟ್ಟಿತು. ಆರು ಗುಡಿಸಲು, ಕಸಬರಿಗೆ ಕಟ್ಟುವವರು. ಐದು ಹೊಲಿಗೆ ನೇರ ಮೂರನೆಯ ಗುಡಿಸಲಿನ ಬಾಗಿಲಿಗೆ ಹೋಗಿತ್ತು. ಬಾಗಿಲಲ್ಲಿ ಒಬ್ಬ ಮುದುಕಿ ಕುಳಿತು ಹುಲ್ಲು ಬಿಡಿಸುತ್ತಿದ್ದಳು. ಪಕ್ಕದಲ್ಲಿ ಕೋಲು. ಬಲಗಾಲು ಸೊಟ್ಟ. ಕಾಲಲ್ಲಿ ನನ್ನ ಚಪ್ಪಲಿ.

ನಾನು ಅಂಗಳದಲ್ಲೇ ಕುಳಿತೆ. ಗುರಪಾದನೇ ನೀರು ಕೇಳಿ ಕುಡಿಸಿದ. ಅವನೇ ಚಪ್ಪಲಿಯ ಮಾತು ತೆಗೆದ. ಮುದುಕಿಯ ಹೆಸರು ದುರಗವ್ವ. ಅವಳಿಗೆ ಹೇಳುವುದರಲ್ಲಿ ಸಂಕೋಚವಿರಲಿಲ್ಲ. ಒಳ್ಳೆಯ ಕತೆಯೆಂದು ಹಟ್ಟಿಯಲ್ಲಿ ಎಷ್ಟೋ ಸಲ ಹೇಳಿದ್ದಳು ಎಂದು ಕಾಣುತ್ತದೆ. ಕಸಬರಿಗೆ ಮಾರಿ ಬರಿಗಾಲಲ್ಲಿ ಮರಳುವಾಗ ಗರಸು ದಿಬ್ಬದ ಮೇಲೆ ಕಾಲು ಕಿತ್ತು ರಕ್ತವಾಗಿ ಕುಳಿತಿದ್ದಳಂತೆ. ಒಬ್ಬ ಹುಡುಗಿ ಬಂದಳಂತೆ.

“ಕಾಲಾಗಿನವು ಬಿಚ್ಚಿ ನನ್ನ ಮುಂದ ಇಟ್ಲು. ಬ್ಯಾಡವ್ವ, ಮದವಿ ಚಪ್ಪಲಿ ಕಂಡಂಗ ಕಾಣತಾವ ಅಂದೆ. ‘ಇಟ್ಕೋ ಆಯಿ, ನಮ್ಮಕ್ಕ ಹೊಲದದ್ದು, ಎಂದೂ ಹರಿಯೂದಿಲ್ಲ. ಅದಕ್ಕ ನನಗ ಬ್ಯಾಡ’ ಅಂದ್ಲು. ತಂಗೀ, ನಿನ್ನ ಕಾಲು ಸುಡತಾವ ಅಂದೆ. ಗುಡ್ಡದ ಕಡೆ ಓಡಿದ್ಲು. ನಗಾಕತ್ತಿದ್ಲು ನೋಡು, ಹುಚ್ಚಿ ಹಂಗ.”

ಆಮೇಲೆ ಚಪ್ಪಲಿಯೊಂದನ್ನು ಬಿಚ್ಚಿ, ಮಣ್ಣು ಒರೆಸಿ, ಅಡಿಯನ್ನು ನನಗೆ ತೋರಿಸಿದಳು. ಹೂವು ಹಾಗೇ ಇತ್ತು. “ಒಂಬತ್ತು ವರ್ಷ ಆತು, ಒಂದು ಹೊಲಿಗಿ ಬಿಚ್ಚಿಲ್ಲ. ಆ ಅಕ್ಕ ಯಾರೋ, ಆಕಿ ಕೈ ತಣ್ಣಗಿರಲಿ,” ಎಂದಳು.

ನಾನೇ ಆ ಅಕ್ಕ ಎಂದು ಹೇಳಲಿಲ್ಲ. ಚೆನ್ನಾಗಿದೆ ಎಂದೆ.

ಗುರಪಾದ ಎದ್ದು ನಿಂತಿದ್ದ. ಬಿಸಿಲು ನೋಡಿದ, ನನ್ನ ಮುಖ ನೋಡಿದ. ಆಗಲೂ ಮನೆಯವರ ಮಾತಿಗೆ ಕಾದಿದ್ದ, ಅಂಥ ಮನುಷ್ಯ ಅವನು. ಓಡು, ನನಗಾಗಿ ನಿಲ್ಲಬೇಡ, ಸಿಕ್ಕರೆ ಹಾಗೇ ಹಿಡಿದು ಹೋಗು ಎಂದೆ. ಓಡಿದ. ರೊಟ್ಟಿ ಗಂಟನ್ನೂ ಬಿಟ್ಟು ಓಡಿದ. ನಾನು ಅವನ ಹಿಂದೆ ನನ್ನ ಮೊಣಕಾಲು ಹೊತ್ತುಕೊಂಡು ನಡೆದೆ. ಕಾಲ ಪಕ್ಕದಲ್ಲೇ ಐದು ಹೊಲಿಗೆಗಳು ಒಂದೊಂದಾಗಿ ಉದುರುತ್ತಿದ್ದವು. ಬೆಳಗ್ಗೆ ಜೋಪಾನವಾಗಿ ಒಂದು ಮೊಳ ಬಿಟ್ಟು ನಡೆದಿದ್ದೆ. ಈಗ ಅವುಗಳ ಮೇಲೇ ಕಾಲಿಟ್ಟೆ. ಹತ್ತಿರದ ದಾರಿ ಅದೇ ಆಗಿತ್ತು.

ನಾನು ಗರಸು ದಿಬ್ಬ ಮುಟ್ಟಿದಾಗ ಹೊತ್ತು ಇಳಿದಿತ್ತು. ಅವನು ಅಲ್ಲೇ ಇದ್ದ, ಬಂಡೆಯ ಪಕ್ಕ. ಬಂಡೆಯ ನೆರಳಿನಲ್ಲಿ ನಾಲ್ಕು ಹೆಜ್ಜೆ ಉಳಿದಿದ್ದವು. ನೆರಳು ಮುಗಿಯುವಲ್ಲಿ ಅವೂ ಮುಗಿದಿದ್ದವು. ಅದರಾಚೆ ಗುಡ್ಡದ ತನಕ ನೆಲ ಬಿರಿದು ಚಕ್ಕೆ ಚಕ್ಕೆಯಾಗಿತ್ತು. ಅವನು ಗುಡ್ಡದ ಬುಡದ ತನಕ ಹೋಗಿ ನೋಡಿ ಬಂದಿದ್ದ. ಅಲ್ಲಿ ಮೂರು ಕಣಿವೆಗಳಿವೆ. ಒಂದರ ಆಚೆ ಉಪ್ಪಿನ ದಾರಿ, ಒಂದರ ಆಚೆ ಹೊಳೆಸಾಲಿನ ಊರುಗಳು, ಇನ್ನೊಂದರ ಆಚೆ ಏನಿದೆಯೋ ನಮ್ಮೂರಲ್ಲಿ ಯಾರಿಗೂ ಗೊತ್ತಿಲ್ಲ. ಮೂರರ ಬಾಯಲ್ಲೂ ಪುಡಿಮಣ್ಣು ಬಿಟ್ಟು ಏನೂ ಇರಲಿಲ್ಲವಂತೆ. ಬೆಳಗ್ಗೆ ಬಂದಿದ್ದರೂ ಸಾಕಾಗಿತ್ತು, ಬೆಳಗ್ಗೆ ಇದ್ದಿರಬೇಕು ಎಂದ. ಅದನ್ನು ನನ್ನನ್ನು ಚುಚ್ಚಲು ಹೇಳಲಿಲ್ಲ. ಚುಚ್ಚಲು ಹೇಳಿದ್ದರೆ ತಡೆದುಕೊಳ್ಳಬಹುದಿತ್ತು.

ನಾನು ಕುಳಿತು ನಾಲ್ಕು ಹೆಜ್ಜೆಗಳನ್ನೂ ಸರಿಯಾಗಿ ನೋಡಿದೆ. ಎರಡು ಎಡ, ಎರಡು ಬಲ. ಎರಡು ಎಡದಲ್ಲೂ ಆ ಬೆರಳು ಏರಿತ್ತು. ನೋಡಿದ ಮೇಲೆ ಬೇರೆ ಯಾರದೆಂದು ಅನ್ನಲು ಬರುವ ಹಾಗಿರಲಿಲ್ಲ. ನಿನ್ನೆಯೂ ಇವೇ ಇದ್ದವು, ನಿನ್ನೆಯೂ ನಾನು ಇಷ್ಟೇ ಹತ್ತಿರ ನಿಂತಿದ್ದೆ.

ಗುರಪಾದ ತನ್ನ ರುಮಾಲನ್ನು ತಗ್ಗಿನ ನೀರಲ್ಲಿ ಅದ್ದಿ ತಂದು, ಹೆಜ್ಜೆಗಳ ಮೇಲೆ ಮುಟ್ಟದ ಹಾಗೆ ನಾಲ್ಕು ಕಲ್ಲಿಟ್ಟು ಹರಡಿದ. ಒಣಗಿದಾಗ ಮತ್ತೆ ಅದ್ದಿದ. ಅದರಿಂದ ಏನಾಗುತ್ತದೆ ಎಂದು ನಾನು ಕೇಳಲಿಲ್ಲ. ನಾನೂ ಅಂಗೈಯಲ್ಲಿ ನೀರು ತಂದು ಹನಿಸಿದೆ. ಹೀಗೆ ಒಂದು ರಾತ್ರಿ ಅವನ್ನು ಉಳಿಸಿದೆವು. ಬೆಳಗ್ಗೆ ಬಟ್ಟೆ ತೆಗೆದಾಗ ನಾಲ್ಕೂ ಉದುರಿ ಗುಪ್ಪೆಯಾಗಿದ್ದವು. ಅವನು ರುಮಾಲು ಝಾಡಿಸಿ ತಲೆಗೆ ಸುತ್ತಿಕೊಂಡ. ಮನೆಗೆ ಹೋಗೋಣ ಎಂದ.

ದಾರಿಯಲ್ಲಿ ಎರಡು ಸಲ ತಪ್ಪಾಯಿತು ಅನ್ನಲು ಬಾಯಿ ತೆರೆದೆ. ಎರಡು ಸಲವೂ ಅವನು ನನ್ನ ಕೈ ಹಿಡಿದು ಕೆಸರು ದಾಟಿಸುತ್ತಿದ್ದ. ಕೈ ಹಿಡಿದವನಿಗೆ ಆ ಮಾತು ಹೇಳಲಾಗಲಿಲ್ಲ. ಒಂಬತ್ತು ವರ್ಷ ತಂಗಿಗೆಂದು ಬಾಯಲ್ಲಿಟ್ಟುಕೊಂಡಿದ್ದ ಮಾತು ಅದೊಂದೇ. ಅದನ್ನು ಅವನಿಗಾದರೂ ಕೊಡಬಹುದಿತ್ತು, ಅದನ್ನೂ ಕೊಡಲಿಲ್ಲ. ಅಗಸಿಯಲ್ಲಿ ಹಿರಿಯರು ಜಾಡು ಸಿಕ್ಕಿತೇ ಎಂದು ಕೇಳಿದರು. ಸಿಕ್ಕಿತ್ತು, ಬಿಟ್ಟೆ ಎಂದೆ. ಬಿಟ್ಟೆವು ಎಂದು ತಿದ್ದಿದ ಗುರಪಾದ. ಬಸಲಿಂಗವ್ವ ತನ್ನ ಬಾಗಿಲಲ್ಲಿ ನಿಂತಿದ್ದಳು. ಗಂಡನ ಮುಖ ನೋಡಿದಳು. ಕಾಲಿಗೆ ನೀರು ತಂದಿಟ್ಟಳು.

ಈಗ ನನಗೆ ಗೊತ್ತಿರುವುದು ಇಷ್ಟು. ನನ್ನ ತಂಗಿ ಆ ದಿನ ಬದುಕಿದ್ದಳು, ದಕ್ಷಿಣಕ್ಕೆ ಓಡಿದಳು, ನಗುತ್ತಿದ್ದಳು. ಮಳೆಯಿಂದ ಸಿಕ್ಕಿದ್ದು ಅದು. ಹೋದದ್ದು, ಅವಳು ಎಲ್ಲಿಗೆ ಮುಟ್ಟಿದಳು ಎಂಬುದು. ಅದು ಅರ್ಧ ದಿನದ ದಾರಿಯಾಗಿತ್ತೋ ಹತ್ತು ದಿನದ್ದೋ, ಇನ್ನು ಯಾವ ಮಳೆಯೂ ಹೇಳುವುದಿಲ್ಲ. ತಿಳಿಯುವ ದಾರಿ ಒಂದು ಇಳಿಹೊತ್ತು ನನ್ನ ಮುಂದಿತ್ತು, ಹೋಗಲು ಸಿದ್ಧನಿದ್ದವನೂ ಇದ್ದ. ನಾನು ಹೂಂ ಅನ್ನಲಿಲ್ಲ.